ಚೀಟಿ ಬರೆಯುವ ಮುನ್ನ ತಿಳಿಸಿ

ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳನ್ನು ನಿಲ್ಲಿಸಿದ ಮೇಲೂ ಕೆಲವರಲ್ಲಿ ಲೈಂಗಿಕ ತೊಂದರೆ ಉಳಿಯಬಹುದೆಂದು ಮಾಹಿತಿಪತ್ರದಲ್ಲಿ ನಮೂದಿಸಲು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲೇ ಸೂಚಿಸಿತ್ತು. 2021ರಲ್ಲಿ ಕೆನಡಾ ಕೂಡ ಎಚ್ಚರಿಸಿತು. ದೇಹದ ರೋಗನಿರೋಧಕ ವ್ಯವಸ್ಥೆಯೇ ತನ್ನ ಸೂಕ್ಷ್ಮ ನರತಂತುಗಳ ಮೇಲೆ ತಿರುಗಿಬೀಳುವುದು ಇದಕ್ಕೆ ಕಾರಣವಿರಬಹುದೇ ಎಂಬ ಪ್ರಶ್ನೆಯನ್ನು ಕೆಲವು ಸಂಶೋಧಕರು ಈಗ ಎತ್ತಿದ್ದಾರೆ. ಅದಿನ್ನೂ ಸಾಬೀತಾಗಿಲ್ಲ. ಆದರೂ ನೊಂದವರನ್ನು ‘ಎಲ್ಲಾ ನಿಮ್ಮ ಭ್ರಮೆ’ ಎಂದು ಸಾಗಹಾಕುವುದು ಇನ್ನು ಸಲ್ಲದು.

ಮಾಲೂರು ತಾಲ್ಲೂಕಿನ ಲಕ್ಕೂರಿನಂಥ ಊರುಗಳಲ್ಲಿ ಈ ಸಂಕಟವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಹೇಳಲಾಗದವರು ಮಾತ್ರೆಯನ್ನೇ ದಿಢೀರನೆ ಬಿಟ್ಟರೆ ಖಿನ್ನತೆ ಮರುಕಳಿಸಿ ಜೀವಕ್ಕೇ ಕುತ್ತು ಬರಬಹುದು. ಅನೇಕರ ಬದುಕು ಉಳಿಸಿರುವ ಈ ಔಷಧಗಳ ಬಗ್ಗೆ ಭಯ ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ಆದರೆ ಮಾಲೂರಿನ ಸರ್ಕಾರಿ ಆಸ್ಪತ್ರೆಯಿರಲಿ, ಖಾಸಗಿ ಕ್ಲಿನಿಕ್ಕಿರಲಿ, ಚೀಟಿ ಬರೆಯುವ ಮುನ್ನ ವೈದ್ಯರು ಲೈಂಗಿಕ ತೊಂದರೆ ಉಳಿಯುವ ಸಾಧ್ಯತೆಯನ್ನು ರೋಗಿಗೆ ಕನ್ನಡದಲ್ಲೋ ತೆಲುಗಿನಲ್ಲೋ ತಿಳಿಸಲೇಬೇಕು. ದೂರು ಬಂದರೆ ಭಾರತೀಯ ಔಷಧಕೋಶ ಆಯೋಗದ ಅಡ್ಡಪರಿಣಾಮ ನಿಗಾ ಕಾರ್ಯಕ್ರಮಕ್ಕೆ ವರದಿ ಹೋಗಬೇಕು. 1800-180-3024ಕ್ಕೆ ಕರೆ ಮಾಡಿ ರೋಗಿಗಳೇ ದಾಖಲಿಸಲೂಬಹುದು. ಕಾರಣ ಹುಡುಕುವ ಅಧ್ಯಯನಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಮುಂದಾಗಲಿ, ಅದಕ್ಕೆ ಬೇಕಾದ ಹಣವನ್ನು ಸರ್ಕಾರ ಒದಗಿಸಲಿ.