ನಗರ ಯಾರ ಹೊಣೆ?

ಊರು ಮಿತಿಮೀರಿ ಬೆಳೆದುಬಿಟ್ಟಿತು, ಇನ್ನು ಇದನ್ನು ಆಳುವುದು ಯಾರಿಂದಲೂ ಆಗದು ಎಂಬ ಮಾತು ಬೆಂಗಳೂರಿನಲ್ಲಿ ಈಗ ವಿದ್ವತ್ಸಭೆಗಳಿಂದ ಹಿಡಿದು ಹಾಲಿನ ಬೂತಿನವರೆಗೆ ಎಲ್ಲೆಲ್ಲಿಯೂ ಕೇಳಿಬರುತ್ತದೆ. ಮಳೆಗಾಲದಲ್ಲಿ ಬೀದಿಗಳು ಮುಳುಗಿದಾಗ, ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರುಗಳ ಸಾಲು ಕಾಣಿಸಿಕೊಂಡಾಗ, ಜನ ಬೇಸತ್ತು ಆಡುವ ಈ ಮಾತಿನ ಹಿಂದಿರುವ ನೋವು ನಿಜವಾದದ್ದು. ಆದರೆ ಅದರೊಳಗಿನ ತರ್ಕವನ್ನು ನಾನು ಒಪ್ಪಲಾರೆ. ಮನುಷ್ಯರು ನಗರಕ್ಕೆ ಬರುವುದು ಅನ್ನವನ್ನು ಅರಸಿ, ವಿದ್ಯೆಯನ್ನು ಅರಸಿ, ಹುಟ್ಟಿದ ಊರಿನಲ್ಲಿ ದೊರೆಯದ ಸಮಾನತೆಯನ್ನೂ ಸ್ವಾತಂತ್ರ್ಯವನ್ನೂ ಅರಸಿ. ಹಾಗೆ ಬಂದವರ ದುಡಿಮೆಯಿಂದಲೇ ನಗರವು ನಗರವಾಗುತ್ತದೆ. ಆದಕಾರಣ ಬೆಳವಣಿಗೆಯನ್ನೇ ವ್ಯಾಧಿಯೆಂದು ಬಗೆದು ಚಿಕಿತ್ಸೆಗೆ ಹೊರಡುವವರಿಗೆ ರೋಗದ ನೆಲೆ ಸಿಕ್ಕುವುದಿಲ್ಲ. ವಿಚಾರ ಮಾಡಬೇಕಾದ ಪ್ರಶ್ನೆ ಬೇರೆ: ಈ ನಗರದ ಯಾವ ಕೆಲಸಕ್ಕೆ ಯಾರು ಹೊಣೆ, ಮತ್ತು ಆ ಹೊಣೆ ಹೊತ್ತವರು ಉತ್ತರ ಹೇಳಬೇಕಾದದ್ದು ಯಾರಿಗೆ?

ಕಳೆದ ಎರಡು ಶತಮಾನಗಳಲ್ಲಿ ಬೆಂಗಳೂರು ಒಂದೇ ಆಡಳಿತದ ಕೆಳಗಿದ್ದ ಕಾಲ ಬಹಳ ಕಡಮೆ. ೧೫೩೭ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಪ್ರಸಿದ್ಧವಾದ ಕೋಟೆ ಪೇಟೆಗಳ ಊರಿನ ಪಕ್ಕದಲ್ಲಿ ೧೮೦೯ರಲ್ಲಿ ಇಂಗ್ಲಿಷರ ದಂಡು ಬಂದು ನೆಲಸಿತು. ೧೮೬೨ರಲ್ಲಿ ಪುರಸಭೆಗಳು ಏರ್ಪಟ್ಟಾಗಲೂ ಪೇಟೆಗೊಂದು, ದಂಡಿಗೊಂದು ಎಂದು ಎರಡಾದವು. ೧೮೮೧ರಲ್ಲಿ ಮೈಸೂರು ರಾಜ್ಯವು ಒಡೆಯರ ಮನೆತನಕ್ಕೆ ಮರಳಿದ ಮೇಲೂ ದಂಡಿನ ಪ್ರದೇಶ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿಯೇ ಉಳಿದು, ೧೯೪೭ರಲ್ಲಷ್ಟೆ ಮೈಸೂರಿಗೆ ಹಿಂದಿರುಗಿತು. ೧೯೪೯ರ ಕಾಯಿದೆಯು ಎರಡು ಪುರಸಭೆಗಳನ್ನೂ ಕೂಡಿಸಿ ಕಾರ್ಪೊರೇಷನ್ನನ್ನು ಸ್ಥಾಪಿಸಿದಾಗ, ಇನ್ನು ಊರಿಗೆಲ್ಲ ಒಂದೇ ಯಜಮಾನಿಕೆ ಎಂದು ಜನ ನಂಬಿದ್ದರೆ ಅದು ಸಹಜವೇ. ಆದರೆ ಅದಕ್ಕೆ ನಾಲ್ಕು ವರ್ಷ ಮೊದಲೇ, ೧೯೪೫ರಲ್ಲಿ, ಹೊಸ ಬಡಾವಣೆಗಳನ್ನು ನಿರ್ಮಿಸುವ ಕಾರ್ಯವನ್ನು ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಎಂಬ ಬೇರೊಂದು ಸಂಸ್ಥೆಗೆ ಒಪ್ಪಿಸಿ ಆಗಿತ್ತು. ನೆಲದ ಒಡಕು ಅಳಿಯುವ ಹೊತ್ತಿಗೆ ಕೆಲಸದ ಒಡಕು ಮೊದಲಾಗಿತ್ತು.

ಆ ಒಡಕು ಮುಂದೆ ಬೆಳೆಯುತ್ತಲೇ ಹೋಯಿತು. ೧೯೬೪ರಲ್ಲಿ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಹುಟ್ಟಿತು. ೧೯೭೬ರಲ್ಲಿ ಟ್ರಸ್ಟ್ ಬೋರ್ಡಿನ ಸ್ಥಾನಕ್ಕೆ ಅಭಿವೃದ್ಧಿ ಪ್ರಾಧಿಕಾರ ಬಂದಿತು. ೧೯೯೭ರಲ್ಲಿ ನಗರದ ಬಸ್ಸುಗಳು ಪ್ರತ್ಯೇಕ ಸಾರಿಗೆ ಸಂಸ್ಥೆಗೆ ಸೇರಿದವು. ವಿದ್ಯುತ್ತಿಗೊಂದು ಕಂಪನಿ, ಮೆಟ್ರೋ ರೈಲಿಗೊಂದು ನಿಗಮ ಆದವು. ಒಂದೊಂದರ ಹುಟ್ಟಿಗೂ ತಕ್ಕ ಕಾರಣವಿತ್ತೆಂಬುದನ್ನು ಮರೆಯಬಾರದು. ತೊರೆಕಾಡನಹಳ್ಳಿಯಿಂದ ಸುಮಾರು ೧೦೦ ಕಿಲೋಮೀಟರು ದೂರ, ಸುಮಾರು ೫೦೦ ಮೀಟರು ಎತ್ತರ, ದಾರಿಯಲ್ಲಿ ಮೂರು ಕಡೆ ಯಂತ್ರದಿಂದ ಎತ್ತಿ ಎತ್ತಿ ಕಾವೇರಿಯ ನೀರನ್ನು ಈ ದಿಣ್ಣೆಯ ಮೇಲಿನ ಊರಿಗೆ ೧೯೭೪ರಲ್ಲಿ ತಂದು ಮುಟ್ಟಿಸಿದ ಕಾರ್ಯ ಸಾಮಾನ್ಯವಾದುದಲ್ಲ. ಅದಕ್ಕೆ ಬೇಕಾದ ತಾಂತ್ರಿಕ ಪ್ರಾವೀಣ್ಯವೂ ದೀರ್ಘಕಾಲದ ಸಾಲವೂ ಆಗಿನ ಪುರಸಭೆಗೆ ನಿಲುಕುವಂಥವಾಗಿರಲಿಲ್ಲ. ನನ್ನ ಆಕ್ಷೇಪವು ಪ್ರಾವೀಣ್ಯವನ್ನು ಕುರಿತದ್ದಲ್ಲ. ಈ ಸಂಸ್ಥೆಗಳ ಮುಖ್ಯಸ್ಥರು ಬಹುಮಟ್ಟಿಗೆ ರಾಜ್ಯ ಸರಕಾರದಿಂದ ನೇಮಕಗೊಂಡು, ಮೇಲುಮುಖವಾಗಿ ವಿಧಾನಸೌಧಕ್ಕೆ ಲೆಕ್ಕ ಒಪ್ಪಿಸುವವರಾದರು. ನಲ್ಲಿಯ ಕೆಳಗೆ ಬಿಂದಿಗೆ ಹಿಡಿದು ನಿಂತವರಿಗೆ ಅವರ ಮೇಲೆ ಯಾವ ಅಧಿಕಾರವೂ ಉಳಿಯಲಿಲ್ಲ. ೧೯೯೩ರಲ್ಲಿ ಜಾರಿಗೆ ಬಂದ ಸಂವಿಧಾನದ ೭೪ನೆಯ ತಿದ್ದುಪಡಿಯು ನಗರಸಂಸ್ಥೆಗಳಿಗೆ ಸಲ್ಲಬಹುದಾದ ೧೮ ಕಾರ್ಯಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಎಣಿಸಿ, ಅವುಗಳ ತಲೆಯಲ್ಲಿ ನಗರಯೋಜನೆಯನ್ನು ಇರಿಸಿತು. ಬೆಂಗಳೂರಿನಲ್ಲಿ ಯೋಜನೆಯು ಆಮೇಲೆಯೂ ಪ್ರಾಧಿಕಾರದ ಕೈಯಲ್ಲಿಯೇ ಇದ್ದಿತು. ಪ್ರಾಧಿಕಾರವು ನಿವೇಶನ ಹಂಚುವ ವೇಗವನ್ನು ಮೀರಿ ಜನ ಬಂದರು. ಬಂದವರು ಹೊಲಗಳಲ್ಲಿ ಎದ್ದ ರೆವಿನ್ಯೂ ಸೈಟುಗಳನ್ನು ಕೊಂಡರು. ಬಿ-ಖಾತೆಯೆಂಬ ಅರೆಮಾನ್ಯತೆಯನ್ನು ಕೈಯಲ್ಲಿ ಹಿಡಿದು ಕಂದಾಯ ಕಟ್ಟುತ್ತ, ಚರಂಡಿಗಾಗಿ ಕಾಯುತ್ತ ಆಯುಸ್ಸು ಕಳೆದ ಕುಟುಂಬಗಳು ಈ ಊರಿನಲ್ಲಿ ಎಷ್ಟೋ ಇವೆ.

ಕೆಲಸ ಹೀಗೆ ಹರಿದು ಹಂಚಿದರೆ ಏನಾಗುತ್ತದೆಂಬುದಕ್ಕೆ ಯಾವುದಾದರೊಂದು ಬಡಾವಣೆಯ ಅಡ್ಡರಸ್ತೆಯನ್ನು ನೋಡಿದರೆ ಸಾಕು. ಡಾಂಬರು ಪಾಲಿಕೆಯದು; ಅದರಡಿಯ ನೀರಿನ ಕೊಳವೆಯೂ ಒಳಚರಂಡಿಯೂ ಮಂಡಳಿಯವು; ಪಕ್ಕದ ಮಳೆನೀರಿನ ಮೋರಿ ಮತ್ತೆ ಪಾಲಿಕೆಯದು; ಕಂಬ ವಿದ್ಯುತ್ ಕಂಪನಿಯದಾದರೆ ಅದರ ಮೇಲಿನ ಬೀದಿದೀಪ ಪಾಲಿಕೆಯದು; ಕೇಬಲ್ಲು ಖಾಸಗಿಯವರದು. ಹೊಸದಾಗಿ ಡಾಂಬರು ಕಂಡ ರಸ್ತೆಯನ್ನು ಕೆಲವೇ ವಾರಗಳಲ್ಲಿ ಉದ್ದಕ್ಕೂ ಅಗೆಯುತ್ತಾರೆ; ಕೊಳವೆ ಕೂಡಿಸಿ, ಮಣ್ಣೆಳೆದು ಹೋಗುತ್ತಾರೆ; ಮೊದಲ ಮಳೆಗೆ ಆ ಮಣ್ಣು ಕುಸಿದು ಗೇಣಾಳದ ಕೊರಕಲು ಬಾಯಿಬಿಡುತ್ತದೆ. ಪದರದ ಮೇಲೆ ಪದರ ಡಾಂಬರು ಬಿದ್ದು ರಸ್ತೆ ಏರಿದ್ದರಿಂದ ಮ್ಯಾನ್‌ಹೋಲಿನ ಮುಚ್ಚಳ ಕೆಳಗೆ ಉಳಿದು ಅದೂ ಒಂದು ಕುಳಿಯಾಗಿರುತ್ತದೆ. ಸಂಜೆಗತ್ತಲಲ್ಲಿ ಮಗುವನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಬರುವ ತಾಯಿ ಅಲ್ಲಿ ಬಿದ್ದು ಮೊಣಕೈ ಒಡೆದುಕೊಂಡು ದೂರು ಒಯ್ದಳೆನ್ನಿ. ವಾರ್ಡಿನ ಕಚೇರಿಯಲ್ಲಿ, "ಅಗೆದವರು ನಾವಲ್ಲಮ್ಮ, ನೀರಿನವರು" ಎನ್ನುತ್ತಾರೆ. ನೀರಿನ ಕಚೇರಿಯಲ್ಲಿ, "ರಸ್ತೆ ಮುಚ್ಚುವುದಕ್ಕೆ ದುಡ್ಡು ಕಟ್ಟಿದ್ದೇವೆ ತಾಯಿ, ಮುಚ್ಚಬೇಕಾದವರು ಅವರು" ಎನ್ನುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲ. ಸುಳ್ಳಾಡಿದವನನ್ನಾದರೆ ದಂಡಿಸಬಹುದು, ಎಲ್ಲರೂ ನಿಜವನ್ನೇ ಹೇಳುತ್ತಿದ್ದು ಕೊರಕಲು ಮಾತ್ರ ಹಾಗೆಯೇ ಇದ್ದರೆ ಆ ತಾಯಿ ಕೇಳಬೇಕಾದದ್ದು ಯಾರನ್ನು?

ಕೆರೆಗಳ ವಿಷಯದಲ್ಲಿ ಈ ಅವ್ಯವಸ್ಥೆಯ ಫಲ ಇನ್ನೂ ದಾರುಣವಾಗಿದೆ. ಬೆಂಗಳೂರಿಗೆ ದೊಡ್ಡ ನದಿಯಿಲ್ಲ, ಊರು ಕುಳಿತಿರುವುದು ಒಂದು ದಿಣ್ಣೆಯ ಬೆನ್ನಿನ ಮೇಲೆ. ಅದರ ಪೂರ್ವದ ಇಳಿಜಾರಿನ ಮಳೆ ದಕ್ಷಿಣ ಪಿನಾಕಿನಿಗೆ, ಪಶ್ಚಿಮದ್ದು ವೃಷಭಾವತಿ ಅರ್ಕಾವತಿಗಳ ಮೂಲಕ ಕಾವೇರಿಗೆ ಸಲ್ಲುತ್ತದೆ. ಇದನ್ನು ಚೆನ್ನಾಗಿ ಬಲ್ಲ ಹಿಂದಿನವರು ಕಣಿವೆಯುದ್ದಕ್ಕೂ ಏರಿ ಕಟ್ಟಿ, ಮೇಲಿನ ಕೆರೆ ಕೋಡಿಬಿದ್ದ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ತುಂಬುವಂತೆ ಸರಪಣಿಯನ್ನೇ ನಿರ್ಮಿಸಿದ್ದರು. ಪ್ರತಿ ಕೆರೆಗೂ ನೀರುಗಂಟಿಯಿದ್ದನು. ತೂಬನ್ನು ಎಂದು ಎತ್ತಬೇಕು, ಅಚ್ಚುಕಟ್ಟಿನಲ್ಲಿ ಯಾರ ಗದ್ದೆಗೆ ಮೊದಲು ನೀರು, ಏರಿಯಲ್ಲಿ ಇಲಿ ಬಿಲ ತೋಡಿದೆಯೆ ಎಂದು ದಿನವೂ ನೋಡುತ್ತಿದ್ದ ಆತನಿಗೆ ಸುಗ್ಗಿಯಲ್ಲಿ ಧಾನ್ಯ ಅಳೆದುಕೊಡುತ್ತಿದ್ದವರು ಅದೇ ಗದ್ದೆಯ ರೈತರು. ಆತ ತಪ್ಪಿದರೆ ಮಾರನೆಯ ಬೆಳಗ್ಗೆ ಬದುವಿನ ಮೇಲೆಯೇ ಉತ್ತರ ಹೇಳಬೇಕಾಗಿತ್ತು. ೧೮೯೦ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂದ ಬಳಿಕ, ಗದ್ದೆಗಳು ಕ್ರಮೇಣ ನಿವೇಶನಗಳಾದ ಬಳಿಕ, ಕೆರೆಯನ್ನು ನಂಬಿದವರೂ ಇಲ್ಲವಾದರು, ಕಾಯುವವನೂ ಇಲ್ಲವಾದನು. ಧರ್ಮಾಂಬುಧಿಯು ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಬೆಳ್ಳಂದೂರು ಕೆರೆ ನೊರೆಯೆದ್ದು, ೨೦೧೭ರಲ್ಲಿ ಅದರ ಮೇಲೆ ಬೆಂಕಿ ಹೊತ್ತಿ ಉರಿದುದನ್ನು ದೇಶವೆಲ್ಲ ನೋಡಿತು. ಕೆರೆಯ ಅಂಗಳ ಒಂದು ಸಂಸ್ಥೆಯ ವಶದಲ್ಲಿ, ಅದಕ್ಕೆ ಬೀಳುವ ಕೊಳಚೆ ಇನ್ನೊಂದರ ಹೊಣೆಯಲ್ಲಿ, ರಾಜಕಾಲುವೆ ಮತ್ತೊಂದರ ಪಾಲಿನಲ್ಲಿ ಇರುವಲ್ಲಿ, ನೀರಿಗೆ ಬೆಂಕಿ ಬೀಳುವುದೂ ಸಂಭವವೇ.

ಇಲ್ಲಿ ಒಂದು ಪ್ರಬಲವಾದ ಪ್ರತಿವಾದವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಬೆಂಗಳೂರಿನ ಸೊಬಗೆಲ್ಲ ಚುನಾಯಿತರಲ್ಲದ ದಕ್ಷ ಅಧಿಕಾರಿಗಳ ಕೊಡುಗೆಯಲ್ಲವೆ ಎಂದು ಕೇಳುವವರುಂಟು. ೧೮೯೮ರ ಪ್ಲೇಗಿನ ಭೀತಿಯಲ್ಲಿ ಬಸವನಗುಡಿ, ಮಲ್ಲೇಶ್ವರಗಳನ್ನು ನೇರವಾದ ಬೀದಿಗಳಿಂದಲೂ ಮನೆಗಳ ಹಿಂದೆ ಜಾಡಮಾಲಿಗಳ ಓಣಿಗಳಿಂದಲೂ ಅಳೆದು ಕಟ್ಟಿದವರು ಮತ ಬೇಡಿದವರಲ್ಲ. ೧೯೨೬ರಿಂದ ೧೯೪೧ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರು ಬೆಳಗಿನ ಹೊತ್ತು ತಾವೇ ಊರು ಸುತ್ತಿ, ಕೆಟ್ಟದ್ದನ್ನು ಕಣ್ಣಾರೆ ಕಂಡು ಸರಿಪಡಿಸಿದ್ದನ್ನು ಹಳಬರು ಗೌರವದಿಂದ ನೆನೆಯುತ್ತಿದ್ದರು. ಆ ಗೌರವ ಅವರಿಗೆ ಸಲ್ಲತಕ್ಕದ್ದೇ. ಆದರೆ ಅವರು ಅಧಿಕಾರ ಬಿಟ್ಟ ವರ್ಷ ಊರಿನ ಜನಸಂಖ್ಯೆ ಸುಮಾರು ೪ ಲಕ್ಷ. ಒಬ್ಬ ಸಜ್ಜನನ ಕಣ್ಣಿಗೆ ಬೀಳುವಷ್ಟು ಊರು ಅದು. ೨೦೧೧ರ ಜನಗಣತಿಯಂತೆ ಪಾಲಿಕೆಯ ಎಲ್ಲೆಯೊಳಗೆ ಇದ್ದವರು ೮೪ ಲಕ್ಷ. ಅವರಲ್ಲಿ ಪ್ರತಿಯೊಬ್ಬರ ಬೀದಿಯನ್ನೂ ಕಾಣಬಲ್ಲ ದಿವಾನರು ಎಲ್ಲಿಂದ ಬರಬೇಕು? ಪಾಲಿಕೆಯ ಚುನಾಯಿತ ಸದಸ್ಯರಲ್ಲಿ ಅಯೋಗ್ಯರೂ ಲಂಚಕೋರರೂ ಇದ್ದರೆಂಬುದು ನಿಜ. ಅಂಥವರನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳುಹಿಸುವ ಅಧಿಕಾರ ಜನರಲ್ಲಿ ಇದ್ದಿತು. ಕಚೇರಿಯ ಅಯೋಗ್ಯತೆಯನ್ನು ಮನೆಗೆ ಕಳುಹಿಸುವ ದಾರಿ ಅವರಿಗಿಲ್ಲ.

ಪ್ರಾತಿನಿಧ್ಯದ ಅಳತೆಯನ್ನೂ ನೋಡಬೇಕು. ೨೦೦೭ರಲ್ಲಿ ೧೦೦ ವಾರ್ಡುಗಳ ಹಳೆಯ ಪಾಲಿಕೆಗೆ ಯಲಹಂಕ, ಬೊಮ್ಮನಹಳ್ಳಿ, ಮಹದೇವಪುರ ಮೊದಲಾದ ಏಳು ನಗರಸಭೆಗಳನ್ನೂ ಕೆಂಗೇರಿಯ ಪುರಸಭೆಯನ್ನೂ ನೂರಕ್ಕೂ ಹೆಚ್ಚು ಹಳ್ಳಿಗಳನ್ನೂ ಸೇರಿಸಿ ಬೃಹತ್ ಪಾಲಿಕೆಯನ್ನು ಮಾಡಿದರು. ೮೪ ಲಕ್ಷ ಜನಕ್ಕೆ ಇದ್ದವರು ೧೯೮ ಸದಸ್ಯರು. ಒಬ್ಬರ ಪಾಲಿಗೆ ೪೨,೦೦೦ಕ್ಕೂ ಮಿಕ್ಕಿ ಪ್ರಜೆಗಳು. ಇದೇ ರಾಜ್ಯದ ಗ್ರಾಮ ಪಂಚಾಯಿತಿಯಲ್ಲಿ ೪೦೦ ಜನಕ್ಕೊಬ್ಬ ಸದಸ್ಯನಿರಬೇಕೆಂದು ಕಾನೂನಿದೆ. ಹಳ್ಳಿಯ ಹೆಂಗಸು ತನ್ನ ಸದಸ್ಯನನ್ನು ಹೆಸರು ಹಿಡಿದು ಕರೆದು ಬೀದಿದೀಪದ ಮಾತು ಕೇಳಬಲ್ಲಳು; ಅವಳೇ ಮಗನ ಕೆಲಸಕ್ಕೆಂದು ಬೆಂಗಳೂರಿಗೆ ಬಂದು ನೆಲಸಿದೊಡನೆ ಆ ಹಕ್ಕಿನ ನೂರರಲ್ಲೊಂದು ಪಾಲಿಗೆ ಇಳಿದುಬಿಡುತ್ತಿದ್ದಳು. ಆ ಒಂದು ಪಾಲೂ ಉಳಿಯಲಿಲ್ಲ: ೨೦೨೦ರ ಸೆಪ್ಟೆಂಬರಿನಲ್ಲಿ ಸದಸ್ಯರ ಅವಧಿ ಮುಗಿಯಿತು, ಮತ್ತೆ ಚುನಾವಣೆ ನಡೆಯದೆ ಐದು ವರ್ಷ ಕಳೆದವು. ಅವಧಿ ಮುಗಿಯುವುದರೊಳಗಾಗಿ ಚುನಾವಣೆ ಪೂರೈಸಿರತಕ್ಕದ್ದೆಂದು ಸಂವಿಧಾನದ ಆಜ್ಞೆಯಿದ್ದರೂ ಹೀಗಾಯಿತು.

೨೦೨೫ರ ಸೆಪ್ಟೆಂಬರಿನಲ್ಲಿ ಬೃಹತ್ ಪಾಲಿಕೆಯನ್ನು ಐದಾಗಿ ವಿಂಗಡಿಸಿ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವನ್ನು ಇರಿಸಿದರು. ಚಿಕ್ಕ ಪಾಲಿಕೆ ಜನರಿಗೆ ಹತ್ತಿರವೆಂಬ ತತ್ತ್ವ ನನಗೆ ಸಮ್ಮತವಾದುದು. ಬೀದಿ, ದೀಪ, ಕಸ, ಉದ್ಯಾನ, ಶಾಲೆ ಇವನ್ನು ವಾರ್ಡಿನ ಮಟ್ಟದಲ್ಲಿಯೇ ನೋಡಿಕೊಳ್ಳತಕ್ಕದ್ದು. ನೀರಾದರೋ ವಾರ್ಡಿನ ಗೆರೆಯನ್ನೂ ಪಾಲಿಕೆಯ ಗೆರೆಯನ್ನೂ ಅರಿಯದು: ಕೇಂದ್ರ ಮತ್ತು ದಕ್ಷಿಣ ಪಾಲಿಕೆಗಳ ಕೊಳಚೆ ಕೋರಮಂಗಲದ ಕಣಿವೆಯಲ್ಲಿ ಹರಿದು ಪೂರ್ವ ಪಾಲಿಕೆಯ ಬೆಳ್ಳಂದೂರನ್ನು ಸೇರುತ್ತದೆ. ಆದ್ದರಿಂದ ಕಣಿವೆ, ಸಾರಿಗೆ, ಭೂಮಿಯ ಬಳಕೆ ಈ ಮೂರಕ್ಕೆ ಇಡೀ ಮಹಾನಗರದ ಮೇಲೆ ಒಂದು ಅಧಿಕಾರ ಇರಲೇಬೇಕು; ಜಲಮಂಡಳಿ, ಸಾರಿಗೆ, ಯೋಜನೆಗಳು ಅದರ ಅಂಗಗಳಾಗಬೇಕು. ಈಗ ಮಾಡಿರುವ ಪ್ರಾಧಿಕಾರದ ಅಧ್ಯಕ್ಷಸ್ಥಾನದಲ್ಲಿ ಮುಖ್ಯಮಂತ್ರಿಗಳನ್ನು ಕೂರಿಸಿದ್ದು ಮಾತ್ರ ತಪ್ಪೆಂದು ನನ್ನ ನಿಶ್ಚಿತವಾದ ಅಭಿಪ್ರಾಯ. ಬೀದರದಿಂದ ಚಾಮರಾಜನಗರದವರೆಗೆ ಆರು ಕೋಟಿಗೂ ಮಿಕ್ಕ ಜನರ ಹೊರೆ ಹೊತ್ತವರು ಬೆಂಗಳೂರಿನ ಕಣಿವೆಗೆ ಉತ್ತರ ಹೇಳುವುದು ಸಾಧ್ಯವೂ ಅಲ್ಲ, ಉಳಿದ ನಾಡಿಗೆ ನ್ಯಾಯವೂ ಅಲ್ಲ. ಮಹಾನಗರ ಯೋಜನಾ ಸಮಿತಿಯಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಮೆಯಿಲ್ಲದಷ್ಟು ಸದಸ್ಯರನ್ನು ನಗರಸಂಸ್ಥೆಗಳ ಚುನಾಯಿತ ಸದಸ್ಯರೂ ಪಂಚಾಯಿತಿಗಳ ಅಧ್ಯಕ್ಷರೂ ತಮ್ಮೊಳಗಿಂದಲೇ ಆರಿಸಬೇಕೆಂದು ಸಂವಿಧಾನ ಹೇಳುವುದು ಇಂಥ ಕಾರಣಕ್ಕೇ.

ಐದು ಪಾಲಿಕೆಗಳು ಕಾರ್ಯಾರಂಭ ಮಾಡಿದ ದಿನ ಅವುಗಳಲ್ಲಿ ಒಂದರಲ್ಲಿಯೂ ಚುನಾಯಿತ ಸದಸ್ಯರಿರಲಿಲ್ಲ. ಗಡಿ ಗುರುತಿಸುವುದಕ್ಕೆ, ಮೀಸಲಾತಿ ಪಟ್ಟಿಗೆ, ಮತ್ತೊಂದಕ್ಕೆ ಎಂದು ಇನ್ನು ಮುಂದೆ ಯಾವ ಸರಕಾರವೂ, ಅದು ಯಾವ ಪಕ್ಷದ್ದೇ ಆಗಿರಲಿ, ಈ ನಗರದ ಚುನಾವಣೆಯನ್ನು ಮುಂದೂಡಲು ನಾವು ಅವಕಾಶ ಕೊಡಬಾರದು. ಮತ ಕೇಳಲು ಬಂದವರನ್ನು ನಮ್ಮ ಬೀದಿಯ ಮೋರಿಯ ನೀರು ಯಾವ ಕೆರೆಗೆ ಹೋಗುತ್ತದೆಂದು ಕೇಳೋಣ; ಆರಿಸಿದ ಮೇಲೆ ವಾರ್ಡ್ ಸಮಿತಿಯ ಸಭೆಗೆ ಮನೆಗೊಬ್ಬರಾದರೂ ಹೋಗಿ ಕುಳಿತು, ಕಾಮಗಾರಿಯ ಲೆಕ್ಕವನ್ನು ಓದಿಸಿ ಕೇಳೋಣ.