ಪತ್ತೇದಾರಿ ನಾಟಕ ನೋಡಬೇಡಿ, ಕೇಳಿ!



ಪತ್ತೇದಾರಿ ಕಥೆ ಅಂದ್ರೆ ನಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ಇಷ್ಟ. ಆದರೆ ಅದನ್ನು ಟಿ.ವಿ.ಯಲ್ಲಿ ನೋಡಿದರೇ ಚೆಂದ ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ರೇಡಿಯೋ ನಾಟಕದಲ್ಲಿ ಕೇಳುವುದೇ ಹೆಚ್ಚು ಚೆಂದ ಎಂದು ನನ್ನ ಅಭಿಪ್ರಾಯ.

ಟಿ.ವಿ.ಯಲ್ಲಿ ಮುಖ ನೋಡಿದ ತಕ್ಷಣ ಇವನೇ ಕಳ್ಳ ಅಂತ ಗೊತ್ತಾಗಿಬಿಡುತ್ತೆ. ರೇಡಿಯೋದಲ್ಲಿ ಹಂಗಲ್ಲ. ಬಾಗಿಲು ಕಿರ್ ಅಂತು, ಯಾರೋ ನಡೆದರು, ಅಷ್ಟೇ. ಬಂದವರು ಯಾರು, ಯಾಕೆ ಬಂದರು ಎಲ್ಲಾ ನಾವೇ ಯೋಚಿಸಬೇಕು. ಅಂದರೆ ಕೇಳುವವರೂ ಪತ್ತೇದಾರರೇ. ಕೊಳ್ಳೇಗಾಲದ ಬಸ್ಸು ದೂರದಲ್ಲಿ ಹಾರನ್ ಹೊಡೆದರೆ ಯಾವ ಬಸ್ಸು ಅಂತ ನಾವು ನೋಡದೆಯೇ ಹೇಳುತ್ತೇವೆ. ನಮ್ಮ ಕಿವಿಗೆ ಆ ಬುದ್ಧಿ ಇದೆ.

ಆರ್ಥರ್ ಕಾನನ್ ಡಾಯ್ಲ್ ಎಂಬ ಸಾಹಿತಿ ಷೆರ್ಲಾಕ್ ಹೋಮ್ಸ್ ಎಂಬ ಪತ್ತೇದಾರನ ಕಥೆಗಳನ್ನು ಬರೆದರು. 1930ರಲ್ಲಿ ಅಮೆರಿಕದ ರೇಡಿಯೋದಲ್ಲಿ ಹೋಮ್ಸ್ ನಾಟಕಗಳು ಶುರುವಾದಾಗ ಮೊದಲು ಬಂದದ್ದು 'ದಿ ಸ್ಪೆಕಲ್ಡ್ ಬ್ಯಾಂಡ್'. ಆ ಕಥೆಯಲ್ಲಿ ಬೀಗ ಹಾಕಿಕೊಂಡು ಮಲಗಿದ್ದ ಒಬ್ಬ ಸಹೋದರಿ ಸತ್ತುಹೋಗುತ್ತಾಳೆ. ಇನ್ನೊಬ್ಬಳಿಗೆ ರಾತ್ರಿ ಸಣ್ಣಗೆ ಒಂದು ಸಿಳ್ಳೆ ಕೇಳುತ್ತೆ, ಆಮೇಲೆ ಕಬ್ಬಿಣ ಬಿದ್ದ ಹಾಗೆ ಠಣ್ ಅಂತ ಸದ್ದು. ಸುಳಿವು ಸಿಗುವುದೇ ಕಿವಿಗೆ! ಕೊಂದವರು ಯಾರು ಅಂತ ನಾನು ಹೇಳಲ್ಲ. ಅದೇ ದೇಶದಲ್ಲಿ 1937ರಿಂದ 1954ರವರೆಗೆ 'ದಿ ಶ್ಯಾಡೋ' ಎಂಬ ನಾಟಕವೂ ಬರುತ್ತಿತ್ತು. ಅದರ ನಾಯಕ ಯಾರ ಕಣ್ಣಿಗೂ ಕಾಣದ ಹಾಗೆ ಇರಬಲ್ಲವನು. ಇಂಥವನಿಗೆ ರೇಡಿಯೋಗಿಂತ ಒಳ್ಳೆ ಜಾಗ ಇನ್ನೆಲ್ಲಿದೆ?

ನಮ್ಮ ಕಡೆಗೂ ರೇಡಿಯೋ ಹೊಸದಲ್ಲ. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲೇ ಮೈಸೂರಿನ ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರ ಶುರು ಮಾಡಿದರು. ಅದರ 'ಆಕಾಶವಾಣಿ' ಎಂಬ ಹೆಸರು ಆಮೇಲೆ ಇಡೀ ದೇಶದ ರೇಡಿಯೋಗೆ ಬಂತು. ಪತ್ತೇದಾರನೂ ನಮಗೆ ಹೊಸಬನಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಕನ್ನಡದವನೇ.

ಈಗ ಮುಖ್ಯ ಮಾತು. ವಾರ್ಷಿಕೋತ್ಸವದ ನಾಟಕ ಅಂದರೆ ಡ್ರೆಸ್ಸಿಗೆ ದುಡ್ಡು ಬೇಕು. ಕೊಡೋಕೆ ಆಗದವರು "ನಂಗೆ ಇಷ್ಟ ಇಲ್ಲ" ಅಂತ ಸುಳ್ಳು ಹೇಳಿ ಹಿಂದೆ ಸರಿಯುತ್ತಾರೆ. ಇಷ್ಟ ಇಲ್ಲದೆ ಅಲ್ಲ, ದುಡ್ಡಿಲ್ಲದೆ. ರೇಡಿಯೋ ನಾಟಕಕ್ಕೆ ಡ್ರೆಸ್ಸು ಬೇಡ, ಪೌಡರ್ ಬೇಡ. ಕಪ್ಪೋ ಬಿಳುಪೋ, ಕುಳ್ಳೋ ಉದ್ದವೋ ಯಾರೂ ಕೇಳಲ್ಲ. ಗಂಟಲು ಇದ್ದರೆ ಸಾಕು. ಎರಡು ತೆಂಗಿನ ಚಿಪ್ಪು ಬಡಿದರೆ ಕುದುರೆ ಓಡುತ್ತೆ, ತಗಡು ಅಲ್ಲಾಡಿಸಿದರೆ ಗುಡುಗುತ್ತೆ. ಕಣ್ಣು ಕಾಣದ ಅಜ್ಜಿ ತಾತಂದಿರೂ ನಮ್ಮಷ್ಟೇ ಚೆನ್ನಾಗಿ ನಾಟಕ ಅನುಭವಿಸಬಹುದು.

ಏನೂ ಕಾಣದಿದ್ದರೆ ಚಿಕ್ಕ ಮಕ್ಕಳು ಗಲಾಟೆ ಮಾಡುತ್ತಾರೆ ಎಂದು ಕೆಲವರು ಹೇಳಬಹುದು. ಅದೂ ನಿಜ. ಅದಕ್ಕೇ ನಾಟಕ ಹದಿನೈದೇ ನಿಮಿಷ ಇರಲಿ.

ಆದ್ದರಿಂದ ಈ ಸಲ ಪರದೆ ಹಿಂದೆ ಮೈಕ್ ಇಟ್ಟು ಒಂದು ಪತ್ತೇದಾರಿ ನಾಟಕ ಆಡಿಸಬೇಕೆಂದು ಮೇಷ್ಟ್ರು ಮತ್ತು ಮಿಸ್ಸುಗಳಲ್ಲಿ ನನ್ನ ವಿನಂತಿ. ಕಳ್ಳ ಯಾರು ಅಂತ ಕೇಳುವವರು ಮೊದಲೇ ಚೀಟಿ ಬರೆದು ಡಬ್ಬಕ್ಕೆ ಹಾಕಲಿ. ಎಷ್ಟು ಜನ ಸರಿಯಾಗಿ ಬರೆದಿದ್ದಾರೆ ಅಂತ ಮುಂದಿನ ಗೋಡೆ ಪತ್ರಿಕೆಯಲ್ಲಿ ಹಾಕೋಣ.

– 7ನೇ ತರಗತಿ ವಿದ್ಯಾರ್ಥಿನಿ