ಬೇಡವೆನ್ನುವ ನಾಲಗೆ, ಪ್ರಸಾದದ ಪಂಕ್ತಿ

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬುದು ನಮ್ಮ ಹಿರಿಯರ ನಾಣ್ಣುಡಿ. ಉಡುವ ಬಟ್ಟೆ ನಾಲ್ಕು ಜನರ ಕಣ್ಣಿಗೆ ಒಪ್ಪುವಂತಿರಲಿ, ಉಣ್ಣುವ ಅನ್ನ ಮಾತ್ರ ನಿನ್ನ ದೇಹಕ್ಕೆ ಒಗ್ಗುವಂತಿರಲಿ ಎಂಬುದು ಅದರ ಅಭಿಪ್ರಾಯ. ಈ ಮಾತನ್ನೇ ಆಸರೆ ಮಾಡಿಕೊಂಡು, ಮೀಸೆ ಬಲಿತ ಮೇಲೂ ಹಾಗಲ ಬೇಡ, ಬದನೆ ಬೇಡ, ಪುಂಡಿಪಲ್ಯ ಬೇಡ ಎಂದು ತಾಟಿನ ಮುಂದೆ ಮುಖ ಸಿಂಡರಿಸುವವರು ಇಂದು ಅನೇಕ ಮನೆಗಳಲ್ಲಿದ್ದಾರೆ. ಅವರನ್ನು ಕಂಡು ನಗುವವರುಂಟು, ರೇಗುವವರುಂಟು. ವಿಚಾರ ಮಾಡಿ ನೋಡುವವರು ವಿರಳ.

ಕಮಲಾಪುರದ ಭಕ್ತರ ಮನೆಯೊಂದರಲ್ಲಿ ಪೂಜೆ ಮುಗಿದ ತರುವಾಯ ನಲವತ್ತರ ಆಸುಪಾಸಿನ ಗೃಹಸ್ಥರೊಬ್ಬರು ನಮ್ಮ ಬಳಿ ಬಂದು ತಗ್ಗಿದ ದನಿಯಲ್ಲಿ ಅರಿಕೆ ಮಾಡಿಕೊಂಡರು: "ಅಪ್ಪಾಜಿ, ಅನ್ನ, ಬ್ಯಾಳಿ, ಆಲೂಗಡ್ಡಿ ಬಿಟ್ರ ಬ್ಯಾರೆ ಏನೂ ಗಂಟಲದಾಗ ಇಳಿಯಲ್ರಿ. ಬೆಂಡಿಕಾಯಿ ಲೋಳಿ ನಾಲಿಗಿಗಿ ತಾಗಿದ್ರ ವಾಂತಿ ಬರ್ತದ. ಮಂದಿ ನಗ್ತಾರಂತ ದಾಸೋಹದ ಪಂಕ್ತಿಗಿ ಕೂಡೋದೇ ಬಿಟ್ಟೀನ್ರಿ. ಇದು ಪಾಪ ಅದ ಏನ್ರಿ?" ಅವರ ಪ್ರಶ್ನೆಗೆ ಅಂದು ನಾವು ಹೇಳಿದ ಮಾತು ಅವರಂಥ ಎಲ್ಲರಿಗೂ ಸಲ್ಲುವುದರಿಂದ ಇಲ್ಲಿ ವಿಸ್ತರಿಸುತ್ತಿದ್ದೇವೆ.

ಬೇಡ ಎಂಬ ಮಾತು ಒಂದೇ ಆದರೂ ಅದರ ಮೂಲ ನಾಲ್ಕು ಬಗೆ. ಮೊದಲನೆಯದು ನಿಯಮದ ಬೇಡ. ಮದ್ಯಮಾಂಸವನ್ನು ಬಿಟ್ಟವನು, ಉಪವಾಸ ಹಿಡಿದವನು ಬೇಡ ಎಂದರೆ ಅದು ನಿಷ್ಠೆ. ಷಟ್‌ಸ್ಥಲದ ಕ್ರಮವನ್ನು ಗಮನಿಸಿರಿ. ಭಕ್ತಸ್ಥಲದ ಮೇಲೆ ಮಾಹೇಶ್ವರಸ್ಥಲ, ಅದರ ಮೇಲೆ ಪ್ರಸಾದಿಸ್ಥಲ. ಮಾಹೇಶ್ವರನ ಲಕ್ಷಣ ನಿಷ್ಠೆ. ಸಲ್ಲದ್ದನ್ನು ಸಲ್ಲದು ಎನ್ನುವ ಧೈರ್ಯ ಅವನದು. ಪ್ರಸಾದಿಯಾದರೋ ಬಂದದ್ದನ್ನು ಲಿಂಗಕ್ಕೆ ಅರ್ಪಿಸಿ ಪ್ರಸಾದವೆಂದು ಸ್ವೀಕರಿಸುವವನು. ಬೇಡ ಎನ್ನುವುದನ್ನು ಕಲಿತ ಮೇಲೆಯೇ ಬೇಕು ಎನ್ನುವುದಕ್ಕೆ ಬೆಲೆ ಬರುತ್ತದೆ ಎಂಬುದನ್ನು ಈ ಕ್ರಮವು ಸೂಚಿಸುತ್ತದೆ. ಆದರೆ ಎರಡನೆಯ ಮೆಟ್ಟಿಲಲ್ಲೇ ನಿಂತವನಿಗೆ ಮೂರನೆಯದು ದೊರೆಯಲಾರದು.

ಎರಡನೆಯದು ದೇಹದ ಬೇಡ. ಸಕ್ಕರೆ ಕಾಯಿಲೆಯವನಿಗೆ ಹೋಳಿಗೆ ಒಲ್ಲದು, ಶೇಂಗಾ ಒಗ್ಗದವನಿಗೆ ಶೇಂಗಾ ಹಿಂಡಿ ವಿಷ. ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಇದಕ್ಕೂ ಸೂಕ್ಷ್ಮವಾದ ಸಂಗತಿ ಒಂದುಂಟು. 1931ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಆರ್ಥರ್ ಫಾಕ್ಸ್ ಅವರ ಪ್ರಯೋಗಾಲಯದಲ್ಲಿ ಒಂದು ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದವರಿಗೆ ಬಾಯೆಲ್ಲ ಕಹಿಯಾಯಿತು. ಫಾಕ್ಸ್ ಅವರಿಗೆ ರುಚಿಯೇ ತಿಳಿಯಲಿಲ್ಲ. ಈ ಭೇದಕ್ಕೆ ಕಾರಣವಾದ ವಂಶವಾಹಿಯನ್ನು ವಿಜ್ಞಾನಿಗಳು 2003ರಲ್ಲಿ ಗುರುತಿಸಿದರು. ಒಬ್ಬನ ನಾಲಗೆಗೆ ಹಿತವಾದ ಪಲ್ಯ ಇನ್ನೊಬ್ಬನಿಗೆ ನಿಜವಾಗಿಯೂ ಕಹಿಯಾಗಿರಬಹುದು ಎಂದಾಯಿತು. ಇನ್ನು ಕೆಲವರಿಗೆ ಆಹಾರದ ವಾಸನೆ, ಲೋಳೆ, ಮೆತುವು ಇವೇ ಸಹಿಸಲಾರದ ಬಾಧೆ. ದೇಹಕ್ಕೆ ಬೇಕಾದ ಪೋಷಣೆಯೇ ಕುಂದುವಷ್ಟು ಇದು ಬೆಳೆದರೆ ಚಿಕಿತ್ಸೆಗೆ ಯೋಗ್ಯವಾದ ತೊಂದರೆಯೆಂದು 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ಕೈಪಿಡಿಯಲ್ಲಿ ಸೇರಿಸಿತು. ಇಂಥವರನ್ನು ಗದರಿಸಿ ಫಲವಿಲ್ಲ, ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಮೂರನೆಯದು ದೊಡ್ಡಸ್ತಿಕೆಯ ಬೇಡ. ಜೋಳದ ರೊಟ್ಟಿ ಬಡವರ ಊಟ, ಗೋಧಿ ಚಪಾತಿ, ಅಕ್ಕಿ ಅನ್ನ ಉಳ್ಳವರ ಊಟ ಎಂಬ ಭ್ರಮೆ ನಮ್ಮ ಕಲಬುರಗಿ ನಗರದಲ್ಲಿ ಬಹುಕಾಲ ಇತ್ತು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಅದೇ ಜೋಳಕ್ಕೆ ಗೌರವ ಬಂದಿತು. ಜೋಳ ಬದಲಾಗಲಿಲ್ಲ, ನೋಡುವ ಕಣ್ಣು ಬದಲಾಯಿತು. ಕಮಲಾಪುರದ ಕೆಂಪು ಬಾಳೆಯ ಮಾತೂ ಹಾಗೆಯೇ. ಸಿಪ್ಪೆಯ ಬಣ್ಣ ಕಂಡು ಕೈ ಹಿಂದೆಗೆದವನು ಸುಲಿದು ತಿಂದ ಮೇಲೆ ಇನ್ನೊಂದನ್ನು ಕೇಳುತ್ತಾನೆ. ಎಷ್ಟೋ ಸಲ ಬೇಡ ಎನ್ನುವುದು ನಾಲಗೆಯಲ್ಲ, ಕಣ್ಣು.

ನಾಲ್ಕನೆಯದು ಎಲ್ಲಕ್ಕಿಂತ ಕೆಟ್ಟದ್ದು. ಅನ್ನವನ್ನು ನೋಡದೆ ಅನ್ನ ಮಾಡಿದ ಕೈಯನ್ನು ನೋಡಿ ಬೇಡ ಎನ್ನುವುದು. ಮಾದಾರ ಚೆನ್ನಯ್ಯನ ಪುರಾತನ ಕಥೆಯನ್ನು ನೆನೆಯಿರಿ. ಚೋಳರಾಜನು ನಿತ್ಯವೂ ಅರ್ಪಿಸುತ್ತಿದ್ದ ಮೃಷ್ಟಾನ್ನವನ್ನು ಬಿಟ್ಟು ಶಿವನು ಚೆನ್ನಯ್ಯನ ಅಂಬಲಿಯನ್ನು ಉಂಡನು. ಪರಶಿವನಿಗೂ ಊಟದಲ್ಲಿ ಆಯ್ಕೆ ಇತ್ತು ಎನ್ನಬೇಕು. ಆದರೆ ಅವನು ಆಯ್ದದ್ದು ರುಚಿಯನ್ನಲ್ಲ, ಭಕ್ತಿಯನ್ನು. ಜಾತಿಯ ಕಾರಣಕ್ಕೆ ತಾಟು ಸರಿಸುವವನು ಎಲ್ಲ ತರಕಾರಿ ತಿಂದರೂ ಪ್ರಸಾದಿಯಾಗಲಾರ. ಹತ್ತು ತರಕಾರಿ ಒಲ್ಲದವನು ಸರ್ವರೊಡನೆ ಕುಳಿತು ಎರಡು ತುತ್ತು ಉಂಡರೂ ಪ್ರಸಾದಕ್ಕೆ ಸಮೀಪನು.

ಆದುದರಿಂದ ಕಮಲಾಪುರದ ಆ ಗೃಹಸ್ಥರಿಗೆ ನಾವು ಹೇಳಿದ್ದು ಇಷ್ಟು: ಬೆಂಡೆಕಾಯಿ ತಿನ್ನದಿರುವುದು ಪಾಪವಲ್ಲ, ಪಂಕ್ತಿಯನ್ನು ಬಿಡುವುದು ನಷ್ಟ. ಅರಳಗುಂಡಗಿಯಿಂದ ಕಲಬುರಗಿಗೆ ಬಂದು ದಾಸೋಹ ನಡೆಸಿದ ಮಹಾದಾಸೋಹಿ ಶರಣಬಸವೇಶ್ವರರು ಹಸಿದು ಬಂದವರಿಗೆ ಅನ್ನವಿಕ್ಕಿದರು. ಆ ಪರಂಪರೆಯ ನಾಡಿನಲ್ಲಿ ಒಬ್ಬನು ಊಟದ ನಾಚಿಕೆಯಿಂದ ದಾಸೋಹದ ಬಾಗಿಲಿನಿಂದ ಹಿಂದಿರುಗುವುದು ಸಲ್ಲದು. ಪಂಕ್ತಿಗೆ ಕೂಡಿರಿ, ಒಗ್ಗುವುದನ್ನು ಕೇಳಿ ಹಾಕಿಸಿಕೊಳ್ಳಿರಿ, ಒಲ್ಲದ್ದನ್ನು ಬಡಿಸುವ ಮುಂಚೆಯೇ ಕೈಮುಗಿದು ನಿರಾಕರಿಸಿರಿ. ಹಾಕಿಸಿಕೊಂಡು ಚೆಲ್ಲಬೇಡಿರಿ. ತಾಟು ತೊಳೆದು ಆ ನೀರನ್ನೂ ಕುಡಿಯುವ ಸಂಪ್ರದಾಯ ನಮ್ಮದು.

ಇಂಥವರಿಗೆ ಇನ್ನೂ ಒಂದು ಕರ್ತವ್ಯವುಂಟು. ಒಬ್ಬನ ಬೇಡದ ಭಾರವನ್ನು ಹೊರುವವರು ಯಾರು? ಒಂದೇ ಒಲೆಯ ಮೇಲೆ ಎರಡೆರಡು ಅಡುಗೆ ಮಾಡುವ ತಾಯಿ, ಇಲ್ಲವೆ ಹೆಂಡತಿ. ತನಗೆ ಬೇರೆ ಪಲ್ಯ ಬೇಕೆನ್ನುವವನು ಅದನ್ನು ತಾನೇ ಮಾಡಿಕೊಳ್ಳಲು ಕಲಿಯಲಿ. ಕಾಯಕವೆಂದರೆ ಅಂಗಡಿ, ಕಚೇರಿಗಳಲ್ಲಿ ದುಡಿಯುವುದಷ್ಟೇ ಅಲ್ಲ. ಮಕ್ಕಳ ಮುಂದೆ ಅನ್ನವನ್ನು ಹೀಯಾಳಿಸುವುದಂತೂ ಸರ್ವಥಾ ಬೇಡ. ತಂದೆಯ ಮುಖ ನೋಡಿಯೇ ಮಕ್ಕಳು ರುಚಿಯನ್ನು ಕಲಿಯುತ್ತಾರೆ.

ಬಡಿಸುವವರಿಗೂ ನಮ್ಮದೊಂದು ಮಾತು. ನಮ್ಮ ಭಾಗದಲ್ಲಿ ಒತ್ತಾಯ ಮಾಡಿ ಬಡಿಸುವುದೇ ಆದರವೆಂಬ ರೂಢಿಯಿದೆ. ಒಲ್ಲೆ ಎಂದವನ ತಾಟಿಗೆ ಸುರಿದರೆ ಅನ್ನವೂ ಕೆಡುತ್ತದೆ, ಅತಿಥಿಯ ಮನಸ್ಸೂ ಕೆಡುತ್ತದೆ. ಮಕ್ಕಳಿಗೂ ಬಲವಂತ ಸಲ್ಲದು. ಹೊಸ ಪದಾರ್ಥವೊಂದನ್ನು ಮಗು ಒಪ್ಪಲು ಹತ್ತು ಹದಿನೈದು ಸಲ ಮುಂದಿಡಬೇಕಾಗಬಹುದೆಂದು ತಜ್ಞರು ಹೇಳುತ್ತಾರೆ. ನಮ್ಮ ತಾಯಂದಿರು ಎರಡನೆಯ ಸಲಕ್ಕೇ ಸೋಲುತ್ತಾರೆ, ಇಲ್ಲವೆ ಹೊಡೆಯುತ್ತಾರೆ. ಹಬ್ಬದ ಉಪಾಯ ಇದಕ್ಕಿಂತ ಮೇಲು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಸಜ್ಜೆ ರೊಟ್ಟಿಯೊಡನೆ ಉಣ್ಣುವ ಭಜ್ಜಿಯಲ್ಲಿ ಹಸಿ ತೊಗರಿ, ಕಡಲೆ, ಅವರೆ, ಬದನೆ, ಮೆಂತ್ಯ ಎಲ್ಲವೂ ಬೆರೆತಿರುತ್ತವೆ. ಬಂಧುಬಳಗದ ನಡುವೆ, ತೆರೆದ ಗಾಳಿಯಲ್ಲಿ, ಹಸಿದ ಹೊಟ್ಟೆಯಲ್ಲಿ ಕುಳಿತ ಮಗುವು ಮನೆಯಲ್ಲಿ ಒಲ್ಲದ್ದನ್ನು ಅಲ್ಲಿ ಕೇಳಿ ಉಣ್ಣುವುದುಂಟು.

ನಾಲಗೆಗೆ ಎಲ್ಲವೂ ರುಚಿಸಲೇಬೇಕೆಂದು ಧರ್ಮವು ಹೇಳುವುದಿಲ್ಲ. ಬೆಳೆದ ರೈತನನ್ನೂ, ಬೇಯಿಸಿದ ಕೈಯನ್ನೂ, ಪಕ್ಕದಲ್ಲಿ ಕುಳಿತವನನ್ನೂ ಅವಮಾನಿಸದಂತೆ ಬೇಡ ಎನ್ನಲು ಬಂದರೆ ಅದುವೇ ಸಂಸ್ಕಾರ. ದಿನಕ್ಕೊಂದು ತುತ್ತು ಒಲ್ಲದ್ದನ್ನೂ ಅರ್ಪಿತವೆಂದು ಭಾವಿಸಿ ಬಾಯಿಗಿಟ್ಟು ನೋಡಿರಿ. ಇಳಿದರೆ ಪ್ರಸಾದ, ಇಳಿಯದಿದ್ದರೆ ನಾಳೆಯೂ ಒಂದು ದಿನವಿದೆ. ಸರ್ವರ ತಾಟಿನಲ್ಲೂ ಅನ್ನವಿರಲಿ, ಸರ್ವರಿಗೂ ಪಂಕ್ತಿಯಲ್ಲಿ ಸ್ಥಳವಿರಲಿ ಎಂದು ಹಾರೈಸುತ್ತೇವೆ.